ಸ್ಟ್ರಾಬೆರಿ ಬುಡ ಕೊಳೀತಿದೆ, ಪಿಸಿಆರ್ ವರದಿ ‘ಪಾಸಿಟಿವ್’ ಅಂತಿದೆ: ಯಾವುದನ್ನು ನಂಬೋದು?

ಪ್ರಶ್ನೆ: ನಾವು ಶಿರಸಿ ಕಡೆಯವರು. ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಹತ್ತಿರ ಇನ್ನೊಂದು ಕುಟುಂಬದ ಜೊತೆ ಸೇರಿ ಏಳು ಎಕರೆ ಗುತ್ತಿಗೆಗೆ ಹಿಡಿದು ಸಾವಯವ ಸ್ಟ್ರಾಬೆರಿ ಬೆಳೀತಿದ್ದೇವೆ. ತಳಿ ಮಾಂಟೆರೇ. ಹಣ್ಣು ಜೋರಾಗಿ ಬರೋ ಹೊತ್ತಿಗೆ ಅಲ್ಲಲ್ಲಿ ಗುಂಪು ಗುಂಪಾಗಿ ಗಿಡ ಸೊರಗಿ ಸಾಯ್ತಿವೆ. ಒಣಗಿದ ನಾಲ್ಕು ಗಿಡ ಕಿತ್ತು ಒಂದು ಲ್ಯಾಬ್‌ಗೆ ಕಳಿಸಿದೆವು. ಫ್ಯೂಸೇರಿಯಂ ಆಕ್ಸಿಸ್ಪೋರಮ್, ಪಿಥಿಯಂ, ರೈಜೋಕ್ಟೋನಿಯಾ ಅನ್ನೋ ಮಣ್ಣಿನ ರೋಗಾಣುಗಳು ಮೂರೂ ಇವೆ ಅಂದರು. ಅದೇ ಗಿಡಗಳ ಉಳಿದ ಭಾಗವನ್ನು ಇನ್ನೊಂದು ಲ್ಯಾಬ್‌ಗೆ ಕೊಟ್ಟರೆ ಪಿಸಿಆರ್ (ಡಿಎನ್‌ಎ ಪರೀಕ್ಷೆ) ವರದಿ ‘ಮ್ಯಾಕ್ರೋಫೋಮಿನಾ ಪಾಸಿಟಿವ್, ಸಿಟಿ 34, ಸ್ಟ್ರಾಬೆರಿ ಫ್ಯೂಸೇರಿಯಂ ನೆಗೆಟಿವ್’ ಅಂತ ಬಂತು. ಮ್ಯಾಕ್ರೋಫೋಮಿನಾ ಅನ್ನೋದೂ ಬುಡ ಕೊಳೆಸುವ ಇನ್ನೊಂದು ಫಂಗಸ್ ಅಂತೆ. ಯಾವುದನ್ನು ನಂಬೋದು? ಪಕ್ಕದ ಜಮೀನೂ ಲೀಸ್‌ಗೆ ಬರ್ತಿದೆ, ಮಣ್ಣಿನ ಡಿಎನ್‌ಎ ಟೆಸ್ಟ್ ಮಾಡಿಸಿಕೊಂಡು ಹಿಡಿದರೆ ಸಾಕಾ? ಬೇಲಿ ಆಚೆ ರಾಸ್ಪ್‌ಬೆರಿಗೆ ಬೇರು ಕೊಳೆ ಬಂದಿದೆಯಂತೆ, ಅದು ನಮಗೂ ಹತ್ತುತ್ತಾ?

ಉತ್ತರ: ಎರಡು ವರದಿಯೂ ಸುಳ್ಳಲ್ಲ. ಆದರೆ ನಿಮ್ಮ ಗಿಡ ಯಾಕೆ ಸತ್ತಿತು ಅನ್ನೋದನ್ನು ಎರಡೂ ಹೇಳಿಲ್ಲ. ಡಿಎನ್‌ಎ ಪರೀಕ್ಷೆ ತುಂಬಾ ಚುರುಕಾದ ಸಾಧನ, ಆದರೆ ನಾವು ಕೇಳಿದ್ದಕ್ಕೆ ಮಾತ್ರ, ಅದೂ ನಾವು ಕೊಟ್ಟ ಚೂರಿನಿಂದ ಮಾತ್ರ ಉತ್ತರ ಕೊಡುತ್ತೆ. ನಿಮ್ಮ ವಿಷಯದಲ್ಲಿ ಕೊಟ್ಟ ಚೂರೇ ಸರಿ ಇರಲಿಲ್ಲ. ಹಾಗಾಗಿ ಈ ವರದಿ ನೋಡಿ ಹೊಲ ಕೀಳಬೇಡಿ, ತಳಿಯನ್ನೂ ಬದಲಾಯಿಸಬೇಡಿ. ಮೊದಲು ಸರಿಯಾದ ಸ್ಯಾಂಪಲ್ ಕಳಿಸಿ. ಹೇಗೆ ಅಂತ ಹೇಳ್ತೀನಿ.

ಮೊದಲ ಲ್ಯಾಬ್‌ನ ಪಟ್ಟಿ ನೋಡೋಣ. ಪೂರ್ತಿ ಒಣಗಿ ಹೋದ ಸ್ಟ್ರಾಬೆರಿ ಬೇರನ್ನು ತಟ್ಟೆಯಲ್ಲಿ ಬೆಳೆಸಿದರೆ ಈ ಮೂರೂ ಬರೋದು ಮಾಮೂಲು. ಸತ್ತ ಬೇರಿಗೆ ಮಣ್ಣಿನಲ್ಲಿರುವ ಎಲ್ಲರೂ ಊಟಕ್ಕೆ ಬರ್ತಾರೆ. ಅದರಲ್ಲೂ ಫ್ಯೂಸೇರಿಯಂ ಆಕ್ಸಿಸ್ಪೋರಮ್ ಅನ್ನೋ ಹೆಸರು ನೋಡಿ ಗಾಬರಿ ಆಗಬೇಡಿ. ಈ ಫಂಗಸ್ ಹೆಚ್ಚು ಕಡಿಮೆ ಎಲ್ಲ ಹೊಲದಲ್ಲೂ ಇರುತ್ತೆ, ಬಹುಪಾಲು ಬಗೆಗಳು ಯಾವ ಗಿಡಕ್ಕೂ ತೊಂದರೆ ಕೊಡಲ್ಲ. ಒಂದೇ ಪ್ರಭೇದದೊಳಗೆ ಬಾಳೆಗೆ ಬರೋದು ಬೇರೆ, ಟೊಮ್ಯಾಟೊಗೆ ಬರೋದು ಬೇರೆ, ಸ್ಟ್ರಾಬೆರಿ ಕೊಲ್ಲುವ ಬಗೆಯೇ ಬೇರೆ. ಸ್ಟ್ರಾಬೆರಿಯದಕ್ಕೆ ‘ಫ್ರಗೇರಿಯೇ’ ಅನ್ನೋ ಬಾಲ ಸೇರಿಸಿ ಕರೀತಾರೆ. ಮೈಕ್ರೋಸ್ಕೋಪಿನಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ. ಎಷ್ಟೇ ಅನುಭವ ಇರುವವರು ಕೂತರೂ ಬೀಜಕ ನೋಡಿ ಬೇರೆ ಮಾಡಕ್ಕಾಗಲ್ಲ. ಇಲ್ಲಿ ಡಿಎನ್‌ಎ ಪರೀಕ್ಷೆ ನಿಜವಾಗಿ ಬೇಕು: ಸಾಧು ಫ್ಯೂಸೇರಿಯಂ ಯಾವುದು, ಕೊಲೆಗಡುಕ ಯಾವುದು ಅಂತ ಅದು ಬೇರೆ ಮಾಡಿ ತೋರಿಸುತ್ತೆ.

ಆದರೆ ಅಲ್ಲೂ ಒಂದು ಮಾತು ಕೇಳಬೇಕು. ಸ್ಟ್ರಾಬೆರಿ ಫ್ಯೂಸೇರಿಯಂಗೆ ಮೊದಮೊದಲು ಬಂದ ಪ್ರೈಮರ್‌ಗಳು (ಅಂದರೆ ಬೇಕಾದ ಡಿಎನ್‌ಎ ತುಣುಕನ್ನು ಹುಡುಕಿ ಅಂಟಿಕೊಳ್ಳುವ ಚಿಕ್ಕ ತುಂಡುಗಳು) ಕ್ಯಾಲಿಫೋರ್ನಿಯಾದ ಎಲ್ಲ ಬಗೆಗಳನ್ನೂ ಹಿಡೀತಿರಲಿಲ್ಲ. ಆಮೇಲೆ ಹೊಸ ಪರೀಕ್ಷೆಗಳು ಬಂದವು. ಸ್ಟ್ರಾಬೆರಿ ಫ್ಯೂಸೇರಿಯಂನಲ್ಲೇ ರೇಸ್ ಅನ್ನೋ ಒಳಬಗೆಗಳಿವೆ. ರೇಸ್ 1 ಅನ್ನು ಮಾತ್ರ ಹುಡುಕುವ ಪರೀಕ್ಷೆ ಮಾಡಿದ್ದರೆ ರೇಸ್ 2 ಇದ್ದರೂ ನೆಗೆಟಿವ್ ಅಂತಲೇ ಬರುತ್ತೆ, ಮತ್ತು ರೇಸ್ 2 ಕ್ಯಾಲಿಫೋರ್ನಿಯಾದಲ್ಲೂ ಸಿಕ್ಕಿದೆ. ಹಾಗಾಗಿ ‘ನೆಗೆಟಿವ್’ ಅಂತ ಬರೆದು ಕೊಟ್ಟ ಲ್ಯಾಬ್‌ಗೆ ಫೋನ್ ಮಾಡಿ, ‘ನೀವು ಯಾವ ರೇಸ್‌ಗೆ ನೋಡಿದ್ದು?’ ಅಂತ ನೇರವಾಗಿ ಕೇಳಿ. ಒಳ್ಳೆ ಲ್ಯಾಬ್‌ನವರು ಬೇಸರ ಮಾಡಿಕೊಳ್ಳಲ್ಲ.

‘ಸತ್ತಿದ್ದು ಸತ್ತಿತು, ಯಾವುದರಿಂದ ಅಂತ ತಿಳಿದು ಆಗಬೇಕಾದ್ದೇನು’ ಅಂತ ನಿಮಗೆ ಅನಿಸಬಹುದು. ಆಗಬೇಕಾದ್ದು ತುಂಬಾ ಇದೆ. ಫ್ಯೂಸೇರಿಯಂ, ಮ್ಯಾಕ್ರೋಫೋಮಿನಾ ಎರಡೂ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿಗೆ ಹೊಸವು. 2005-06ರ ಸುಮಾರಿಗೆ ದಕ್ಷಿಣ ಕರಾವಳಿಯ ಆರೆಂಜ್, ವೆಂಚುರಾ ಕೌಂಟಿಗಳಲ್ಲಿ ಮೊದಲು ಕಂಡವು, ಆಮೇಲೆ ಉತ್ತರಕ್ಕೆ ಹಬ್ಬುತ್ತಾ ನಿಮ್ಮ ವಾಟ್ಸನ್‌ವಿಲ್, ಸಲಿನಾಸ್ ತನಕ ಬಂದವು. ಅದಕ್ಕೂ ಮುಂಚೆ ದಶಕಗಟ್ಟಲೆ ಅಲ್ಲಿನ ಬೆಳೆಗಾರರು ನಾಟಿಗೆ ಮೊದಲು ಮೀಥೈಲ್ ಬ್ರೋಮೈಡ್ ಅನಿಲ ಹಾಯಿಸಿ ಮಣ್ಣನ್ನೇ ಶುದ್ಧ ಮಾಡಿಬಿಡ್ತಿದ್ದರು. ಓಜೋನ್ ಪದರಕ್ಕೆ ಹಾನಿ ಅಂತ ಮಾಂಟ್ರಿಯಲ್ ಒಪ್ಪಂದದಡಿ ಅದು 2005ರಿಂದ ನಿಂತಿತು. ಸ್ಟ್ರಾಬೆರಿಗೆ ಕೊಟ್ಟಿದ್ದ ವಿನಾಯಿತಿಯೂ ವರ್ಷ ವರ್ಷ ಕಡಿಮೆಯಾಗಿ 2016ಕ್ಕೆ ಮುಗಿಯಿತು. ಅಲ್ಲಿಯವರೆಗೆ ಯಾವ ರೋಗ ಅಂತ ತಿಳಿಯುವ ಅಗತ್ಯವೇ ಅಷ್ಟಾಗಿ ಬಿದ್ದಿರಲಿಲ್ಲ, ಒಂದೇ ಮದ್ದು ಎಲ್ಲದಕ್ಕೂ ಆಗ್ತಿತ್ತು. ಈಗ ಹಾಗಲ್ಲ, ಒಂದೊಂದು ರೋಗಕ್ಕೂ ಒಂದೊಂದು ದಾರಿ.

ಫ್ಯೂಸೇರಿಯಂ ರೇಸ್ 1 ಅಂತ ಖಚಿತವಾದರೆ ನಿಮ್ಮ ಪುಣ್ಯ, ಯಾಕಂದ್ರೆ ಎಫ್‌ಡಬ್ಲ್ಯೂ1 ಅನ್ನೋ ಒಂದೇ ಜೀನ್ ಅದನ್ನು ತಡೆಯುತ್ತೆ. ಆ ಜೀನ್ ಸ್ಯಾನ್ ಆಂಡ್ರಿಯಾಸ್, ಫ್ರಾಂಟೆರಾಸ್, ಪೋರ್ಟೋಲಾ ತಳಿಗಳಲ್ಲಿ ಇದೆ. ನಿಮ್ಮ ಮಾಂಟೆರೇಯಲ್ಲಿ ಇಲ್ಲ. ಅಂದರೆ ಮುಂದಿನ ನಾಟಿಗೆ ತಳಿ ಬದಲಾಯಿಸಿದರೆ ಅರ್ಧ ತಲೆನೋವು ಹೋಯಿತು. ಮ್ಯಾಕ್ರೋಫೋಮಿನಾ ಆದರೆ ಹೀಗೆ ಪೂರ್ತಿ ತಡೆಯುವ ತಳಿ ಇಲ್ಲ. ಅದು ಬಿಸಿಲು ಮತ್ತು ನೀರಿನ ಕೊರತೆ ಕಾದು ಕೂತು ಹೊಡೆಯುವ ರೋಗ, ಹಾಗಾಗಿ ಹಣ್ಣಿನ ಭಾರ ಇರುವಾಗ ಡ್ರಿಪ್ ಸರಿಯಾಗಿ ನೋಡಿಕೊಳ್ಳೋದು, ಉಪ್ಪಿನಂಶ ಏರದಂತೆ ನೋಡೋದು, ಬೆಳೆ ಮುಗಿದ ಮೇಲೆ ಹಳೇ ಬುಡಗಳನ್ನು ಮಣ್ಣಿಗೆ ಸೇರಿಸದೆ ಕಿತ್ತು ಹೊರಗೆ ಸಾಗಿಸೋದು, ಇವೇ ಕೆಲಸ. ವರ್ಟಿಸಿಲಿಯಂ (ಸೊರಗು ರೋಗ ತರುವ ಮಣ್ಣಿನ ಇನ್ನೊಂದು ಫಂಗಸ್) ಆದರೆ ಬ್ರೊಕೊಲಿ ಬೆಳೆದು ಅದರ ಸೊಪ್ಪನ್ನು ಮಣ್ಣಿಗೆ ಸೇರಿಸಿದರೆ ಕಡಿಮೆ ಆಗುತ್ತೆ, ಸಲಿನಾಸ್ ಕಣಿವೆಯಲ್ಲಿ ಇದು ಚೆನ್ನಾಗಿ ಕಂಡುಕೊಂಡ ವಿಷಯ.

ನೀವು ಸಾವಯವದವರು, ಹಾಗಾಗಿ ತೌಡಿನ ವಿಷಯ ಹೇಳಲೇಬೇಕು. ನಿಮ್ಮ ಕಡೆ ಅನೇಕರು ನಾಟಿಗೆ ಮೊದಲು ಅಕ್ಕಿ ತೌಡನ್ನು ಮಣ್ಣಿಗೆ ಬೆರೆಸಿ, ಪ್ಲಾಸ್ಟಿಕ್ ಹೊದಿಸಿ, ನೀರು ತುಂಬಿಸಿ, ಕೆಲವು ವಾರ ಮಣ್ಣಿಗೆ ಗಾಳಿ ಇಲ್ಲದಂತೆ ಮಾಡ್ತಾರೆ. ವರ್ಟಿಸಿಲಿಯಂಗೆ ಇದು ಒಳ್ಳೆ ಉಪಾಯ. ಆದರೆ ಫ್ಯೂಸೇರಿಯಂ ಇರುವ ಹೊಲದಲ್ಲಿ, ಮಣ್ಣು ಸಾಕಷ್ಟು ಬೆಚ್ಚಗಿರದೆ ಇದೇ ಕೆಲಸ ಮಾಡಿದರೆ ಆ ತೌಡನ್ನೇ ತಿಂದು ಫ್ಯೂಸೇರಿಯಂ ಹೆಚ್ಚಾಗಬಹುದು. ಕರಾವಳಿಯ ತಣ್ಣನೆ ಮಣ್ಣಿನಲ್ಲಿ ಈ ಅಪಾಯ ನಿಜ. ಎಕರೆಗೆ ಟನ್‌ಗಟ್ಟಲೆ ತೌಡು ಹಾಕಿ, ದುಡ್ಡೂ ಸುರಿದು, ರೋಗಕ್ಕೆ ಊಟ ಹಾಕಿದ ಹಾಗಾಗುತ್ತೆ. ನನ್ನ ಕೇಳಿದರೆ ರೋಗದ ಹೆಸರು ಖಚಿತ ಮಾಡಿಕೊಳ್ಳೋಕೆ ಇದೊಂದೇ ಕಾರಣ ಸಾಕು.

ಈಗ ನಿಮ್ಮ ‘ಸಿಟಿ 34’ಕ್ಕೆ ಬರೋಣ. ಪಿಸಿಆರ್ ಯಂತ್ರ ಹುಡುಕುತ್ತಿರುವ ಡಿಎನ್‌ಎಯನ್ನು ಸುತ್ತು ಸುತ್ತಾಗಿ ದುಪ್ಪಟ್ಟು ಮಾಡ್ತಾ ಹೋಗುತ್ತೆ. ಎಷ್ಟನೇ ಸುತ್ತಿಗೆ ಅದು ಕಣ್ಣಿಗೆ ಬೀಳುವಷ್ಟು ಆಯಿತು ಅನ್ನೋದೇ ಸಿಟಿ. ಸಂಖ್ಯೆ ಚಿಕ್ಕದಾದಷ್ಟೂ ರೋಗಾಣು ಜಾಸ್ತಿ. ಹತ್ತಿರ ಹತ್ತಿರ 3.3 ಸುತ್ತಿಗೆ ಹತ್ತು ಪಟ್ಟು ವ್ಯತ್ಯಾಸ. ಅಂದರೆ ಸಿಟಿ 24 ಬಂದ ಗಿಡದಲ್ಲಿ ಸಿಟಿ 34 ಬಂದ ಗಿಡಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಇರುತ್ತೆ. ಮ್ಯಾಕ್ರೋಫೋಮಿನಾ ನಿಜವಾಗಿ ಕೊಂದ ಗಿಡದ ಬುಡದಲ್ಲಿ ಅದು ತುಂಬಿ ತುಳುಕುತ್ತಿರಬೇಕು. 34 ಅನ್ನೋದು ಅಂಥ ಗಿಡಕ್ಕೆ ತೀರಾ ಕಡಿಮೆ. ಬೇರಿಗೆ ಅಂಟಿದ ಮಣ್ಣಿನಿಂದಲೂ ಅಷ್ಟು ಬರಬಹುದು.

ಹಾಗಂತ ‘ಮ್ಯಾಕ್ರೋಫೋಮಿನಾ ಇಲ್ಲ’ ಅಂತ ನಾನು ಹೇಳ್ತಿಲ್ಲ. ಇನ್ನೊಂದು ಸಾಧ್ಯತೆ ಇದೆ, ಬೆರಿ ಬೆಳೆಗಳಲ್ಲಿ ಅದು ತುಂಬಾ ಸಾಮಾನ್ಯ. ಸ್ಟ್ರಾಬೆರಿ, ರಾಸ್ಪ್‌ಬೆರಿ ಬೇರುಗಳಲ್ಲಿ ಒಗರು ಪದಾರ್ಥ ಜಾಸ್ತಿ, ಟ್ಯಾನಿನ್ ಥರದ್ದು. ಮಣ್ಣಿನಲ್ಲಿ ಹ್ಯೂಮಿಕ್ ಆಮ್ಲ. ಇವು ಡಿಎನ್‌ಎ ಜೊತೆಗೇ ಬಂದು ಪಿಸಿಆರ್‌ನ ಕಿಣ್ವವನ್ನು ತಡೆದು ನಿಲ್ಲಿಸುತ್ತವೆ. ಆಗ ರೋಗಾಣು ಸಾಕಷ್ಟಿದ್ದರೂ ಸಿಟಿ ತಡವಾಗಿ ಬರುತ್ತೆ, ಇಲ್ಲವೇ ಬರೋದೇ ಇಲ್ಲ. ಇದನ್ನು ಪತ್ತೆ ಮಾಡೋದು ಕಷ್ಟ ಅಲ್ಲ. ಸ್ಯಾಂಪಲ್ ಜೊತೆಗೇ ಒಂದು ಕಂಟ್ರೋಲ್ ಓಡಿಸಿರುತ್ತಾರೆ, ಸಾಮಾನ್ಯವಾಗಿ ಸ್ಟ್ರಾಬೆರಿ ಗಿಡದ್ದೇ ಒಂದು ಜೀನ್. ಅದು 18-20ರ ಹೊತ್ತಿಗೆ ಬಂದಿದ್ದರೆ ಪರೀಕ್ಷೆ ಸರಿಯಾಗಿ ನಡೆದಿದೆ, ನಿಮ್ಮ 34 ನಿಜಕ್ಕೂ ಕಡಿಮೆ ಅಂತ ಅರ್ಥ. ಕಂಟ್ರೋಲೇ 30ರ ಹತ್ತಿರ ಬಂದಿದ್ದರೆ ಏನೋ ತಡೆ ಇದೆ, ಇಲ್ಲವೇ ಗಿಡದ ಡಿಎನ್‌ಎಯೇ ಹಾಳಾಗಿತ್ತು. ಒಣಗಿ ಹೋದ ಗಿಡ ಕಳಿಸಿದ್ದೀರಲ್ಲ, ಹಾಗಾಗಿರೋ ಸಾಧ್ಯತೆ ಚೆನ್ನಾಗೇ ಇದೆ. ಅದೇ ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿ ಮತ್ತೆ ಓಡಿಸೋಕೆ ಹೇಳಿ. ತಡೆ ಇಲ್ಲದಿದ್ದರೆ ಸಿಟಿ 34 ಇದ್ದದ್ದು 37ರ ಆಚೆ ಹೋಗಬೇಕು. ಅದರ ಬದಲು 30ಕ್ಕೆ ಇಳಿದರೆ ತಡೆ ಇತ್ತು ಅಂತ ಖಾತ್ರಿ ಆಯಿತು. ಸ್ಟ್ರಾಬೆರಿ ಫ್ಯೂಸೇರಿಯಂ ‘ನೆಗೆಟಿವ್’ಗೂ ಇದೇ ಮಾತು ಅನ್ವಯಿಸುತ್ತೆ. ಕಂಟ್ರೋಲ್‌ನ ಸಂಖ್ಯೆ ಇಲ್ಲದ ನೆಗೆಟಿವ್ ವರದಿಗೆ ನಾನು ಬೆಲೆ ಕೊಡಲ್ಲ.

ಸ್ಯಾಂಪಲ್ ವಿಷಯ. ಪೂರ್ತಿ ಸತ್ತ ಗಿಡ ಬೇಡ. ಈಗ ತಾನೇ ಸೊರಗೋಕೆ ಶುರುವಾದ ಗಿಡ ಹುಡುಕಿ: ಹೊರಗಿನ ಹಳೇ ಎಲೆಗಳು ಜೋತು ಬಿದ್ದು ಅಂಚು ಒಣಗಿರಬೇಕು, ನಡುವಿನ ಎಳೆ ಎಲೆ ಇನ್ನೂ ಹಸಿರಾಗಿರಬೇಕು. ಸಾಯ್ತಿರೋ ಗುಂಪಿನ ಅಂಚಿನಲ್ಲಿ ಇಂಥವು ಸಿಗುತ್ತವೆ. ಸಲಿಕೆಯಿಂದ ಬೇರು ಸಮೇತ ಎತ್ತಿ, ಮಣ್ಣು ಉದುರಿಸಿ, ನೀರಲ್ಲಿ ತೊಳೆಯಿರಿ. ಎಲೆ ಮತ್ತು ಬೇರು ಕೂಡುವ ದಪ್ಪ ಬುಡ, ಅಂದರೆ ಕ್ರೌನ್, ಒಂದೆರಡು ಗಿಡದಲ್ಲಿ ಅದನ್ನು ಚೂಪಾದ ಚಾಕುವಿನಿಂದ ಉದ್ದಕ್ಕೆ ಸೀಳಿ ನೋಡಿ. ಆರೋಗ್ಯವಾಗಿದ್ದರೆ ಒಳಗೆ ಬೆಳ್ಳಗೆ, ಸ್ವಲ್ಪ ಕೆನೆ ಬಣ್ಣ. ಮ್ಯಾಕ್ರೋಫೋಮಿನಾ ಅಥವಾ ಫ್ಯೂಸೇರಿಯಂ ಇದ್ದರೆ ಕಿತ್ತಳೆ ಮಿಶ್ರಿತ ಕಂದು, ಇಲ್ಲವೇ ಗಾಢ ಕಂದು. ಇವೆರಡನ್ನು ಕಣ್ಣಿನಿಂದ ಬೇರೆ ಮಾಡೋಕೆ ಹೋಗಬೇಡಿ, ಯಾರಿಂದಲೂ ಆಗಲ್ಲ. ಲ್ಯಾಬ್‌ಗೆ ಬೇಕಾದ್ದು ಆ ಕಂದು ಮತ್ತು ಬಿಳಿ ಸೇರುವ ಗಡಿ. ರೋಗಾಣು ಜೀವಂತವಾಗಿ ಮುಂದೆ ಸಾಗ್ತಿರೋದು ಅಲ್ಲೇ, ಇತರ ಕೊಳೆಯುವ ಫಂಗಸ್‌ಗಳು ಇನ್ನೂ ಅಲ್ಲಿಗೆ ತಲುಪಿರೋದಿಲ್ಲ. ಲ್ಯಾಬ್‌ಗೆ ಕಳಿಸೋ ಗಿಡಗಳ ಬುಡವನ್ನು ನೀವೇ ಚೂರು ಮಾಡಬೇಡಿ, ಇಡೀ ಗಿಡ ಕಳಿಸಿ. ಒಣ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿ, ತಣ್ಣಗಿಡಿ, ವಾರದ ಕೊನೆಗೆ ಪೋಸ್ಟ್ ಮಾಡಬೇಡಿ. ಬೇರೆ ಬೇರೆ ಗುಂಪುಗಳಿಂದ ಆರೆಂಟು ಗಿಡ, ಜೊತೆಗೆ ಚೆನ್ನಾಗಿರೋ ಜಾಗದಿಂದ ಎರಡು ಒಳ್ಳೆ ಗಿಡ ಕೂಡ. ಒಳ್ಳೆ ಗಿಡದಲ್ಲೂ ಅದೇ ಸಿಟಿ ಬಂದರೆ ಆ ರೋಗಾಣು ಕೊಂದಿದ್ದಲ್ಲ, ಸುಮ್ನೆ ಪಕ್ಕದಲ್ಲಿದ್ದದ್ದು.

ಮ್ಯಾಕ್ರೋಫೋಮಿನಾ ಬಗ್ಗೆ ಇನ್ನೊಂದು ಮಾತು, ಇದು ನಮ್ಮ ಊರಿಗೂ ಸಂಬಂಧಪಟ್ಟದ್ದು. ವಿಜಯಪುರ ಕಡೆ ಹಿಂಗಾರಿ ಜೋಳಕ್ಕೆ ಬರುವ ಇದ್ದಿಲು ಕೊಳೆ ಗೊತ್ತಲ್ವಾ, ತೆನೆ ಕಾಳು ಕಟ್ಟೋ ಹೊತ್ತಿಗೆ ತೇವ ಕಡಿಮೆಯಾಗಿ ದಂಟು ಮುರಿದು ಬೀಳೋದು, ಸೀಳಿ ನೋಡಿದರೆ ಒಳಗೆ ಕರಿ ಪುಡಿ ಉಜ್ಜಿದ ಹಾಗಿರೋದು? ಅದೂ ಇದೇ ಮ್ಯಾಕ್ರೋಫೋಮಿನಾ ಫೇಸಿಯೋಲಿನಾ. ಆ ಕರಿ ಪುಡಿ ಅಂದರೆ ಅದರ ಗಟ್ಟಿ ಗಂಟುಗಳು, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವಂಥವು. ಪ್ರಭೇದ ಒಂದೇ, ನೂರಾರು ಜಾತಿ ಗಿಡಗಳಿಗೆ ಬರುತ್ತೆ, ಆದರೆ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿಯಲ್ಲಿ ಸಿಗೋದು ಬಹುತೇಕ ಒಂದೇ ವಂಶದ ಬಗೆ. ಹಾಗಾಗಿ ಎರಡು ಥರದ ಪರೀಕ್ಷೆ ಇವೆ: ಇಡೀ ಪ್ರಭೇದವನ್ನು ಹಿಡಿಯುವುದು, ಸ್ಟ್ರಾಬೆರಿ ಬಗೆಯನ್ನು ಮಾತ್ರ ಹಿಡಿಯುವುದು. ಗಿಡದ ಬುಡದಿಂದ ಪರೀಕ್ಷೆ ಮಾಡುವಾಗ ಮೊದಲನೆಯದೂ ನಡೆಯುತ್ತೆ. ಮಣ್ಣಿನಿಂದ ಮಾಡುವಾಗ ಎರಡನೆಯದನ್ನೇ ಕೇಳಿ, ಇಲ್ಲದಿದ್ದರೆ ಬೇರೆ ಯಾವುದೋ ಬೆಳೆಯದ್ದು, ಕಳೆ ಗಿಡದ್ದು ಬಂದು ಸುಮ್ಮನೆ ಹೆದರಿಸುತ್ತೆ.

ಪಕ್ಕದ ಜಮೀನಿನ ಮಣ್ಣಿನ ಪರೀಕ್ಷೆ: ಮಾಡಿಸಿ, ಆದರೆ ಹೇಗೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಒಂದು ಎಕರೆಯಲ್ಲಿ ಮೇಲಿನ ಆರೇಳು ಇಂಚು ಮಣ್ಣು ಸುಮಾರು 900 ಟನ್ ತೂಗುತ್ತೆ. ಸಾಮಾನ್ಯ ಡಿಎನ್‌ಎ ಕಿಟ್ ತಗೊಳ್ಳೋದು ಕಾಲು ಗ್ರಾಂ. ವರ್ಟಿಸಿಲಿಯಂನ ಗಂಟುಗಳು ಒಂದು ಗ್ರಾಂ ಮಣ್ಣಿನಲ್ಲಿ ಒಂದೆರಡು ಇದ್ದರೂ ಸ್ಟ್ರಾಬೆರಿಗೆ ನಷ್ಟ ಆಗುತ್ತೆ. ಲೆಕ್ಕ ಹಾಕಿ: ಗ್ರಾಂಗೆ ಒಂದು ಇದ್ದು, ಅವು ಸಮನಾಗಿ ಹರಡಿದ್ದರೂ, ಕಾಲು ಗ್ರಾಂನಲ್ಲಿ ಒಂದೂ ಸಿಗದೇ ಹೋಗೋದು ನೂರಕ್ಕೆ 78 ಸಲ. ಹತ್ತು ಗ್ರಾಂ ತಗೊಂಡರೆ ತಪ್ಪಿಸಿಕೊಳ್ಳೋದು ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ನಿಜದಲ್ಲಿ ಅವು ಸಮನಾಗಿ ಹರಡಿರಲ್ಲ, ಅಲ್ಲಲ್ಲಿ ಗುಂಪಾಗಿರುತ್ತವೆ. ಹಾಗಾಗಿ ಹೊಲವನ್ನು ಭಾಗ ಮಾಡಿ, ಪ್ರತಿ ಭಾಗದಲ್ಲಿ ಅಡ್ಡಾದಿಡ್ಡಿ ನಡೆದು ಹತ್ತಾರು ಕಡೆಯಿಂದ ಮಣ್ಣು ತೆಗೆದು, ಒಣಗಿಸಿ, ಪುಡಿ ಮಾಡಿ, ಚೆನ್ನಾಗಿ ಬೆರೆಸಿ ಕೊಡಬೇಕು. ಲ್ಯಾಬ್‌ಗೆ ‘ಎಷ್ಟು ಗ್ರಾಂ ಮಣ್ಣಿನಿಂದ ಡಿಎನ್‌ಎ ತೆಗೀತೀರಿ?’ ಅಂತ ಕೇಳಿ. ಕಾಲು ಗ್ರಾಂ ಅಂದರೆ ಬೇರೆ ಲ್ಯಾಬ್ ನೋಡಿ, ಇಲ್ಲ ಒಂದೇ ಚೀಲದಿಂದ ಹಲವು ಸಲ ತೆಗೆದು ನೋಡೋಕೆ ಹೇಳಿ.

ಸರಿಯಾಗಿ ಮಾಡಿಸಿದರೂ ಮಣ್ಣಿನ ಪರೀಕ್ಷೆಯ ಪಾಸಿಟಿವ್ ಅನ್ನು ನಾನು ಬಹಳ ನಂಬ್ತೀನಿ, ನೆಗೆಟಿವ್ ಅನ್ನು ಅಷ್ಟು ನಂಬಲ್ಲ. ಆ ಹೊಲದಲ್ಲಿ ಹಿಂದೆ ಏನು ಬೆಳೆದಿದ್ದರು ಅಂತ ಕೇಳಿ ತಿಳಿಯೋದೂ ಅಷ್ಟೇ ಮುಖ್ಯ. ಲೆಟ್ಯೂಸ್ ಬೆಳೆದು ಅದರಲ್ಲಿ ಸೊರಗು ರೋಗ ಕಂಡಿದ್ದರೆ ವರ್ಟಿಸಿಲಿಯಂ ಇರುತ್ತೆ ಅಂತಲೇ ಇಟ್ಟುಕೊಳ್ಳಿ. ಲೆಟ್ಯೂಸ್‌ಗೆ ಆ ರೋಗ 1995ರಲ್ಲಿ ಮೊದಲು ಕಂಡಿದ್ದೇ ನಿಮ್ಮ ವಾಟ್ಸನ್‌ವಿಲ್ ಸುತ್ತಮುತ್ತ. ಜಮೀನಿಗೆ ಈಚೆಗೆ ಅನಿಲ ಹಾಯಿಸಿದ್ದರೆ ಇನ್ನೊಂದು ಗೊಂದಲ: ಸತ್ತ ಫಂಗಸ್‌ನ ಡಿಎನ್‌ಎ ಮಣ್ಣಿನಲ್ಲಿ ಸ್ವಲ್ಪ ಕಾಲ ಉಳಿಯುತ್ತೆ, ಪಿಸಿಆರ್‌ಗೆ ಸತ್ತದ್ದು ಬದುಕಿದ್ದು ಎರಡೂ ಒಂದೇ. ಅಂಥ ಕಡೆ ಹಳೇ ಪದ್ಧತಿಯಂತೆ ತಟ್ಟೆಯಲ್ಲಿ ಬೆಳೆಸಿ ನೋಡೋದನ್ನೂ ಜೊತೆಗೆ ಕೇಳಬೇಕು.

ಸಸಿ ತರಿಸೋವಾಗ ಒಂದು ಲೆಕ್ಕ ನೆನಪಿರಲಿ. ನೂರಕ್ಕೆ ಒಂದು ಸಸಿಗೆ ರೋಗ ಇದ್ದರೆ, ಅದನ್ನು 95 ಪಾಲು ಖಾತ್ರಿಯಾಗಿ ಹಿಡಿಯೋಕೆ ಸುಮಾರು 300 ಸಸಿ ನೋಡಬೇಕು. ಹತ್ತು ಸಸಿ ನೋಡಿ ‘ಕ್ಲೀನ್’ ಅಂದರೆ ಅದು ಪರೀಕ್ಷೆಯೇ ಅಲ್ಲ. ಹತ್ತತ್ತು ಸಸಿಯ ಬೇರು ಸೇರಿಸಿ ಒಂದು ಸ್ಯಾಂಪಲ್ ಮಾಡಿದರೆ ಖರ್ಚು ಕಡಿಮೆ ಆಗುತ್ತೆ, ಪಿಸಿಆರ್‌ಗೆ ಅದು ಸಮಸ್ಯೆ ಅಲ್ಲ.

ರಾಸ್ಪ್‌ಬೆರಿ ವಿಷಯಕ್ಕೆ ಹೆದರಬೇಡಿ. ಅದಕ್ಕೆ ಬೇರು ಕೊಳೆ ತರೋದು ಬಹುತೇಕ ಫೈಟೋಫ್ತೊರಾ ರೂಬಿ ಅನ್ನೋ ರೋಗಾಣು. ನಿಮ್ಮ ಶಿರಸಿಯ ಅಡಿಕೆ ಕೊಳೆ ತರೋದೂ ಇದೇ ಫೈಟೋಫ್ತೊರಾ ಕುಲದ್ದೇ, ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲೇ ಅದನ್ನು ವಿವರಿಸಿ ಬೋರ್ಡೋ ದ್ರಾವಣ ಹೊಡೆಯೋದು ಕಲಿಸಿದ್ದರು. ಸ್ಟ್ರಾಬೆರಿಗೆ ಬರೋದು ಅದರ ಅಣ್ಣತಮ್ಮ, ಫೈಟೋಫ್ತೊರಾ ಫ್ರಗೇರಿಯೇ. ಬೇರು ಸೀಳಿದರೆ ನಡುವಿನ ಎಳೆ ಕೆಂಪಗಿರುತ್ತೆ. 2007ರ ತನಕ ಇವೆರಡನ್ನೂ ಒಂದೇ ಪ್ರಭೇದದ ಎರಡು ಬಗೆ ಅಂತಲೇ ಕರೀತಿದ್ದರು. ರೂಬಿ ಸ್ಟ್ರಾಬೆರಿಗೆ ತೊಂದರೆ ಕೊಡಲ್ಲ. ಆದರೆ ಸಾಮಾನ್ಯವಾಗಿ ಪರೀಕ್ಷೆಗೆ ಬಳಸುವ ಐಟಿಎಸ್ ಅನ್ನೋ ಡಿಎನ್‌ಎ ಭಾಗ ಎರಡರಲ್ಲೂ ಹತ್ತಿರ ಹತ್ತಿರ ಒಂದೇ, ಹಾಗಾಗಿ ಆ ಪರೀಕ್ಷೆ ಎರಡನ್ನೂ ಬೇರೆ ಮಾಡಿ ಹೇಳಲ್ಲ. ಬೇಲಿ ಪಕ್ಕದ ಮಣ್ಣಿನಲ್ಲಿ ‘ಫೈಟೋಫ್ತೊರಾ ಫ್ರಗೇರಿಯೇ’ ಅಂತ ವರದಿ ಬಂದರೆ ಮೈಟೋಕಾಂಡ್ರಿಯಾ ಜೀನ್‌ನಿಂದ ಇನ್ನೊಮ್ಮೆ ಖಚಿತ ಮಾಡಿಸಿ. ಹೊಲದಲ್ಲೇ ಬೇರು ಅರೆದು ಅದ್ದುವ ಫೈಟೋಫ್ತೊರಾ ಪಟ್ಟಿಗಳೂ ಸಿಗುತ್ತವೆ, ಅವು ಕುಲದ ಹೆಸರಷ್ಟೇ ಹೇಳುತ್ತವೆ, ಕೆಲವು ಪಿಥಿಯಂಗಳಿಗೂ ಗೆರೆ ಮೂಡಿಸುತ್ತವೆ. ಡಿಎನ್‌ಎ ಮಟ್ಟದಲ್ಲಿ ಬೇಗ ಉತ್ತರ ಬೇಕಾದರೆ ಆರ್‌ಪಿಎ ಅನ್ನೋ ವಿಧಾನ ಇದೆ. 40 ಡಿಗ್ರಿ ಆಸುಪಾಸಿನ ಒಂದೇ ಶಾಖದಲ್ಲಿ ಅರ್ಧ ಗಂಟೆಯೊಳಗೆ ಮುಗಿಯುತ್ತೆ, ಡಿಎನ್‌ಎಯನ್ನು ಅಷ್ಟು ಶುದ್ಧ ಮಾಡೋದೂ ಬೇಡ. ನಿಮಗೆ ಹತ್ತಿರದ ಸಲಿನಾಸ್‌ನ ಅಮೆರಿಕ ಕೃಷಿ ಇಲಾಖೆ ಸಂಶೋಧನಾ ಕೇಂದ್ರದಲ್ಲೇ ಸ್ಟ್ರಾಬೆರಿಯ ಈ ರೋಗಗಳಿಗೆ ಅಂಥ ಪರೀಕ್ಷೆಗಳ ಮೇಲೆ ಕೆಲಸ ಆಗಿದೆ, ಯಾವ ಲ್ಯಾಬ್ ಈಗ ಮಾಡಿಕೊಡ್ತಿದೆ ಅಂತ ನಿಮ್ಮ ಕೌಂಟಿಯ ಕೃಷಿ ವಿಸ್ತರಣಾ ಸಲಹೆಗಾರರನ್ನು ಕೇಳಿ.

ಸದ್ಯಕ್ಕೆ ಸಾಯ್ತಿರೋ ಗುಂಪುಗಳಿಗೆ ಕಡ್ಡಿ ನೆಟ್ಟು ಗುರುತು ಮಾಡಿ, ಪ್ರತಿ ವಾರ ಗುಂಪು ಎಷ್ಟು ಬೆಳೀತು ಅಂತ ನೋಡಿ. ಆ ಸಾಲುಗಳಲ್ಲಿ ಕೆಲಸ ಕೊನೆಗೆ ಮಾಡಿ, ಅಲ್ಲಿನ ಮಣ್ಣು ಅಂಟಿದ ಸಲಿಕೆ, ಬೂಟು, ಟ್ರ್ಯಾಕ್ಟರ್ ಟೈರ್ ತೊಳೆದೇ ಬೇರೆ ಕಡೆ ಹೋಗಲಿ. ತೌಡು ಆರ್ಡರ್ ಮಾಡೋದನ್ನು, ಸಸಿಗೆ ಅಡ್ವಾನ್ಸ್ ಕೊಡೋದನ್ನು ಹೊಸ ವರದಿ ಬರೋ ತನಕ ತಡೆದಿಟ್ಟುಕೊಳ್ಳಿ. ವರದಿ ಬಂದಾಗ ಕಂಟ್ರೋಲ್‌ನ ಸಿಟಿ, ಫ್ಯೂಸೇರಿಯಂ ಯಾವ ರೇಸ್‌ಗೆ ನೋಡಿದರು ಅನ್ನೋದು, ಸೀಳಿದ ಬುಡದ ಫೋಟೋ, ಈ ಮೂರನ್ನೂ ಸೇರಿಸಿ ಕಳಿಸಿ, ತಳಿ ಮತ್ತು ತೌಡಿನ ವಿಷಯ ಆಮೇಲೆ ನಿರ್ಧಾರ ಮಾಡೋಣ.